ದೇವರಾಜ ಅರಸು: ನಮ್ಮ ಪಡಸಾಲೆಯ ಗೋಡೆಯ ಮೇಲಿನ ಪಟ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದರು. ಆನೆಗೊಂದಿಯವನಾದ ನಾನು ಕೃಷ್ಣದೇವರಾಯನ ಮೇಲೋ ವಿದ್ಯಾರಣ್ಯರ ಮೇಲೋ ಬರೆಯಬಹುದೆಂದು ಅವರು ಎಣಿಸಿದ್ದರೆಂದು ಕಾಣುತ್ತದೆ. ಆದರೆ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ರಾಯನ ಚಿತ್ರ ಇರಲಿಲ್ಲ. ಅಲ್ಲಿದ್ದವು ಎರಡೇ ಪಟಗಳು. ಒಂದು ಅಂಜನಾದ್ರಿಯ ಆಂಜನೇಯನದು. ಅದರ ಪಕ್ಕದಲ್ಲಿ, ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ದೇವರಾಜ ಅರಸರದು.

ಆ ಎರಡನೆಯ ಪಟ ಅಲ್ಲಿಗೆ ಹೇಗೆ ಬಂತೆಂದು ಹೇಳುವುದೇ ಈ ಲೇಖನದ ಉದ್ದೇಶ. ನಾನು ಈ ಶಾಲೆಯಿಂದ 1982ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು. ಮುಂದೆ ಅರ್ಥಶಾಸ್ತ್ರ ಓದಿ, ಸರ್ಕಾರಿ ಪದವಿ ಪೂರ್ವ ಕಾಲೇಜುಗಳಲ್ಲಿ ಅದನ್ನೇ ಕಲಿಸುತ್ತ ಈಗ ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದೇನೆ. ವರಮಾನದ ಅಸಮಾನತೆ, ಸರ್ಕಾರದ ವೆಚ್ಚ, ಬಡವರ ಮಕ್ಕಳು ಮೇಲೆ ಬರುವ ಬಗೆ ಇವೆಲ್ಲ ನನ್ನ ಪಾಠಗಳೇ. ಪಾಠ ಮಾಡುವಾಗ ಪುಸ್ತಕದ ಮಾತು ಬಾಯಲ್ಲಿದ್ದರೂ ಕಣ್ಣ ಮುಂದೆ ಬರುತ್ತಿದ್ದುದು ಆ ಪಟವೇ.

ಕಲ್ಲಹಳ್ಳಿಯಿಂದ ವಿಧಾನಸೌಧಕ್ಕೆ

ದೇವರಾಜ ಅರಸರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿ ಅವರ ಊರು. ಮೈಸೂರಿನ ರಾಜಮನೆತನಕ್ಕೆ ನೆಂಟಸ್ತನವಿದ್ದ ಅರಸು ಸಮುದಾಯದವರು. ಹೆಸರಿನಲ್ಲಿ ಅರಸು ಇದ್ದರೂ ಮನೆ ಬೇಸಾಯದ್ದು. ಆ ಸಮುದಾಯದ ಮಕ್ಕಳಿಗಾಗಿ ಮೈಸೂರಿನಲ್ಲಿದ್ದ ವಸತಿ ಶಾಲೆಯಲ್ಲಿ ಓದಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ ಪಡೆದರು. ಊಟ ವಸತಿ ಒದಗಿಸಿದರೆ ಹಳ್ಳಿಯ ಹುಡುಗ ಎಲ್ಲಿಯವರೆಗೆ ಓದಬಲ್ಲ ಎಂಬುದನ್ನು ಅವರು ತಮ್ಮ ಜೀವನದಲ್ಲೇ ಕಂಡಿದ್ದರು. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಪದವಿ ಪಡೆದವರು ಸರ್ಕಾರಿ ನೌಕರಿಗೆ ಹೋಗುತ್ತಿದ್ದ ಕಾಲದಲ್ಲಿ ಅರಸರು ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಸ್ವಾತಂತ್ರ್ಯದ ನಂತರ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದರು. 1962ರ ನಂತರ ಮಂತ್ರಿಗಳಾದರು. ದೊಡ್ಡ ಸಮುದಾಯದ ಬಲವಾಗಲಿ, ದೊಡ್ಡ ಹಣದ ಬಲವಾಗಲಿ ಇಲ್ಲದ ಅವರು ಮುಖ್ಯಮಂತ್ರಿ ಆಗುತ್ತಾರೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ.

1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾಯಿತು. ರಾಜ್ಯದ ಹಿರಿಯ ನಾಯಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಜೊತೆ ಉಳಿದರು. ಅರಸರು ಇಂದಿರಾ ಗಾಂಧಿಯವರ ಜೊತೆ ಹೋಗಿ, ಇಲ್ಲಿ ಆ ಪಕ್ಷವನ್ನು ಬುಡದಿಂದ ಕಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಆ ಪಕ್ಷಕ್ಕೆ ಬಂದವು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲೂ ಗೆಲುವು ದೊರೆತು, 1972ರ ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಯಾದರು. ಟಿಕೆಟ್ ಹಂಚುವಾಗ ಸಣ್ಣ ಸಣ್ಣ ಸಮುದಾಯಗಳ, ಹೆಸರೇ ಕೇಳಿರದ ತರುಣರನ್ನು ಅವರು ಹುಡುಕಿ ತಂದಿದ್ದರು. ನಮ್ಮ ಭಾಗದ ಮಲ್ಲಿಕಾರ್ಜುನ ಖರ್ಗೆ, ಕರಾವಳಿಯ ವೀರಪ್ಪ ಮೊಯಿಲಿ ಮೊದಲ ಬಾರಿ ವಿಧಾನಸಭೆಗೆ ಬಂದದ್ದು ಆ ಚುನಾವಣೆಯಲ್ಲೇ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು.

ಹೊಳೆಯ ಈ ದಡದ ಕಥೆ

ಅರಸರು ಪ್ರಜಾಪ್ರತಿನಿಧಿ ಸಭೆಗೆ ಹೋದ ವರ್ಷಗಳಲ್ಲಿ ನಮ್ಮ ಅಜ್ಜ ತುಂಗಭದ್ರೆಯ ಈ ದಡದಲ್ಲಿ, ನಿಜಾಮರ ರಾಜ್ಯದಲ್ಲಿ, ಒಬ್ಬ ಧಣಿಯ ಮನೆಯಲ್ಲಿ ಸಂಬಳಕ್ಕಿದ್ದ. ಸಂಬಳ ಎಂದರೆ ತಿಂಗಳಿಗೊಮ್ಮೆ ಕೈಗೆ ಬರುವ ಪಗಾರ ಎಂದು ಈಗಿನ ಮಕ್ಕಳು ತಿಳಿಯಬಾರದು. ಯುಗಾದಿಯಿಂದ ಯುಗಾದಿಗೆ ಮಾತು. ವರ್ಷಕ್ಕೆ ಇಷ್ಟು ಚೀಲ ಜೋಳ, ಒಂದು ಜೊತೆ ಬಟ್ಟೆ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ. ಮದುವೆಗೋ ಮಣ್ಣಿಗೋ ಮುಂಗಡ ತಂದಿದ್ದರೆ ಅದು ತೀರುವವರೆಗೆ ಆ ಮನೆ ಬಿಡುವ ಹಾಗಿಲ್ಲ. ಅಜ್ಜ ತಂದ ಮುಂಗಡ ಅಜ್ಜನ ಕಾಲಕ್ಕೆ ತೀರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ಅಪ್ಪ ಅದೇ ಮನೆಯ ದನ ಕಾಯಲು ಹೋದ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಬಡತನ ತಲೆಮಾರಿನಿಂದ ತಲೆಮಾರಿಗೆ ವರ್ಗವಾಗುತ್ತದೆ ಎಂದು ಬರೆದಿರುತ್ತದೆ. ನಮ್ಮ ಮನೆಯಲ್ಲಿ ಅದು ಒಂದು ಕಂಬಳಿಯ ರೂಪದಲ್ಲಿ ವರ್ಗವಾಯಿತು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂದು, ಸಾಗುವಳಿದಾರರಿಗೆ ರಕ್ಷಣೆ ಕೊಡುವ ಮಾತಾಯಿತು. ಆದರೆ ರಕ್ಷಣೆ ಸಿಗಬೇಕಾದರೆ ಹೆಸರು ಕಾಗದದಲ್ಲಿ ಇರಬೇಕು. ನಮ್ಮ ಕಡೆಯ ಕೋರು, ಲಾವಣಿಗಳೆಲ್ಲ ಬಾಯಿಮಾತಿನವು. ಅಕ್ಷರ ಬಾರದವನ ಹೆಸರನ್ನು ಕಾಗದದಲ್ಲಿ ಬರೆಯುವವರು ಯಾರು?

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯಿತು. ಎಡದಂಡೆ ಕಾಲುವೆಯಿಂದ ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಆನೆಗೊಂದಿಯ ಹೊಲಗಳಿಗೆ ವಿಜಯನಗರದ ಕಾಲದಿಂದಲೂ ಕಾಲುವೆಯ ನೀರಿತ್ತು. ಸರ್ಕಾರ ಜನರ ದುಡ್ಡಿನಿಂದ ಅಣೆಕಟ್ಟೆ ಕಟ್ಟಿದ್ದು ದೊಡ್ಡ ಕೆಲಸವೇ. ಆದರೆ ನೀರು ಹೊಲ ಇದ್ದವನ ಹೊಲಕ್ಕೆ ಹರಿಯುತ್ತದೆಯೇ ಹೊರತು ಹೊಲ ಇಲ್ಲದವನ ಗುಡಿಸಲಿಗೆ ಹರಿಯುವುದಿಲ್ಲ. ಹತ್ತು ಎಕರೆ ಇದ್ದವನ ಗಳಿಕೆ ಹತ್ತು ಪಟ್ಟು ಏರುತ್ತದೆ, ಏನೂ ಇಲ್ಲದವನಿಗೆ ನಾಟಿಯ ನಾಲ್ಕು ದಿನದ ಕೂಲಿ ಹೆಚ್ಚುತ್ತದೆ. ಸಾರ್ವಜನಿಕ ವೆಚ್ಚ ತಾನಾಗಿಯೇ ಅಂತರವನ್ನು ತಗ್ಗಿಸುವುದಿಲ್ಲ. ಮೊದಲೇ ಇದ್ದ ಅಂತರದ ಮೇಲೆ ಸುರಿದರೆ ಅದನ್ನು ಹೆಚ್ಚಿಸಲೂಬಹುದು. ಈ ಮಾತನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ನಮ್ಮೂರ ಕಾಲುವೆಯ ದಂಡೆಯ ಮೇಲೆ.

ಆ ಹೊತ್ತಿಗೆ ಅಪ್ಪ ಸಂಬಳದಿಂದ ಬಿಡಿಸಿಕೊಂಡು, ಇನ್ನೊಬ್ಬ ಧಣಿಯ ಎರಡು ಎಕರೆ ಚಿಲ್ಲರೆ ಹೊಲವನ್ನು ಕೋರಿಗೆ ಮಾಡುತ್ತಿದ್ದ. ಬೀಜ, ಗೊಬ್ಬರ, ದುಡಿಮೆ ಅಪ್ಪನದು. ರಾಶಿಯಾದ ದಿನ ಕಣದಲ್ಲೇ ಅರ್ಧ ನೆಲ್ಲು ಧಣಿಯ ಬಂಡಿಗೆ ಹೋಗುತ್ತಿತ್ತು. ಉಳಿದ ಅರ್ಧದಲ್ಲಿ ಸಾಲದವರ ಪಾಲು ಬೇರೆ.

ಏಳನೆಯ ನಮೂನೆ

ಭೂಸುಧಾರಣೆಯ ಕಾಯ್ದೆ ಅರಸರಿಗಿಂತ ಮೊದಲೂ ಇತ್ತು. 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರ ಸಂಕಟವನ್ನು ನಾಡಿಗೆಲ್ಲ ಕಾಣಿಸಿತ್ತು. 1961ರ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ತಪ್ಪಿಸಿಕೊಳ್ಳುವ ದಾರಿಗಳು ಬಹಳ ಇದ್ದವು. ಅರಸರ ಸರ್ಕಾರ ಆ ಕಾಯ್ದೆಯನ್ನು ಬುಡಸಮೇತ ತಿದ್ದಿತು. 1974ರ ಮಾರ್ಚ್ 1ರಂದು ತಿದ್ದುಪಡಿ ಜಾರಿಗೆ ಬಂತು. ಅಂದಿನಿಂದ ಗೇಣಿಯ ಭೂಮಿಯೆಲ್ಲ ಸರ್ಕಾರದ ವಶ. ಅದನ್ನು ಉಳುತ್ತಿದ್ದವನು ಅರ್ಜಿ ಹಾಕಿ, ತಾನೇ ಉಳುತ್ತಿದ್ದೆನೆಂದು ತೋರಿಸಿದರೆ ಅವನೇ ಒಡೆಯ. ಸೈನಿಕರನ್ನೂ ನಾವಿಕರನ್ನೂ ಬಿಟ್ಟರೆ ಮುಂದೆ ಯಾರೂ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಒಂದು ಕುಟುಂಬ ಎಷ್ಟು ಭೂಮಿ ಇಟ್ಟುಕೊಳ್ಳಬಹುದೆಂಬ ಮಿತಿಯೂ ಬಿಗಿಯಾಯಿತು.

ಅರಸರ ಜಾಣ್ಮೆ ಇದ್ದದ್ದು ಕಾಯ್ದೆಯ ಕೊನೆಯ ಮೈಲಿಯಲ್ಲಿ. ಸಿವಿಲ್ ಕೋರ್ಟಿಗೆ ಹೋದರೆ ಬಡವನ ಆಯುಷ್ಯ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ತಾಲೂಕಿಗೊಂದು ಭೂ ನ್ಯಾಯಮಂಡಳಿ ಮಾಡಿದರು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ಅರ್ಜಿಗೆ ಏಳನೆಯ ನಮೂನೆ ಎಂದು ಹೆಸರು. ನಮ್ಮವರು ಅದನ್ನು ಏಳನೇ ಫಾರಂ ಎನ್ನುತ್ತಿದ್ದರು. ಅರ್ಜಿಯ ಗಡುವನ್ನು ಕೊನೆಗೆ 1979ರ ಜೂನ್ 30ರವರೆಗೆ ವಿಸ್ತರಿಸಿದರು. ರಾಜ್ಯದಲ್ಲಿ ಎಂಟು ಲಕ್ಷದ ಆಸುಪಾಸು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳಲ್ಲಿ ತೀರ್ಪು ಸಾಗುವಳಿದಾರರ ಪರವಾಯಿತು.

ಅಪ್ಪ ಫಾರಂ ತುಂಬಿದ್ದು 1974ರಲ್ಲೇ. ಬರೆದುಕೊಟ್ಟವರು ಊರಿನ ಒಬ್ಬ ಮಾಸ್ತರು, ಅಪ್ಪನದು ಹೆಬ್ಬೆಟ್ಟು. ಆ ಹೆಬ್ಬೆಟ್ಟು ಒತ್ತಲು ಎಷ್ಟು ಧೈರ್ಯ ಬೇಕಾಯಿತೆಂಬುದು ಈಗ ಹೇಳಿದರೆ ತಿಳಿಯುವುದು ಕಷ್ಟ. ಧಣಿಯ ಹೊಲವನ್ನೇ ಕೇಳಿದವನಿಗೆ ಮರುದಿನ ಕೂಲಿ ಕೊಡುವವರು ಯಾರು, ಸಾಲ ಕೊಡುವವರು ಯಾರು ಎಂದು ಅವ್ವ ಅತ್ತಿದ್ದಳಂತೆ. ಅಪ್ಪನ ಜೊತೆ ಕೋರು ಮಾಡುತ್ತಿದ್ದವರಲ್ಲಿ ಹಲವರು ಅರ್ಜಿ ಹಾಕಲೇ ಇಲ್ಲ. ಕೆಲವರು ಅರ್ಜಿ ಹಾಕಿ, ರಾತ್ರಿ ಮಾತುಕತೆಯಾಗಿ, ಬೆಳಿಗ್ಗೆ ಹಿಂದಕ್ಕೆ ತೆಗೆದುಕೊಂಡರು.

ವಿಚಾರಣೆಯ ದಿನ ಅಪ್ಪನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಪಹಣಿಯ ಸಾಗುವಳಿ ಕಲಂನಲ್ಲಿ ಬೇರೆ ಹೆಸರಿತ್ತು. ಅಂದು ಸಾಕ್ಷಿ ಹೇಳಿದವನು ಕಾಲುವೆಯ ನೀರಗಂಟಿ. ಇಷ್ಟು ವರ್ಷಗಳಿಂದ ಆ ಹೊಲಕ್ಕೆ ತೂಬು ತೆಗೆಯುವಾಗ ದಂಡೆಯ ಮೇಲೆ ಸಲಿಕೆ ಹಿಡಿದು ನಿಂತವನು ಈತನೇ ಎಂದು ಆ ಮುದುಕ ಹೇಳಿದ. ಅವನಿಗೆ ಅದರಿಂದ ಯಾವ ಲಾಭವೂ ಇರಲಿಲ್ಲ. 1978ರಲ್ಲಿ ಆದೇಶ ಬಂತು. ಸರ್ಕಾರ ನಿಗದಿ ಮಾಡಿದ ಹಣ ಕಟ್ಟಿ, ಪಹಣಿಯಲ್ಲಿ ಹೆಸರು ಏರಿಸಿಕೊಂಡು ಬಂದ ದಿನ ಅಪ್ಪ ಗಂಗಾವತಿಯಿಂದ ಆ ಪಟವನ್ನೂ ತಂದ.

ಇನ್ನೊಂದು ಮಾತನ್ನೂ ಬರೆಯಬೇಕು. ಅದೇ ದಿನ ನ್ಯಾಯಮಂಡಳಿಯ ಜಗುಲಿಯ ಮೇಲೆ ಬೇರೆ ಊರಿನ ಒಬ್ಬ ವಿಧವೆ ಕೂತಿದ್ದಳಂತೆ. ಗಂಡ ಸತ್ತ ಮೇಲೆ ಇದ್ದ ಒಂದೂವರೆ ಎಕರೆಯನ್ನು ಕೋರಿಗೆ ಹಾಕಿ ಜೀವನ ಮಾಡುತ್ತಿದ್ದವಳು. ಆ ಭೂಮಿ ಅಂದು ಹೋಯಿತು. ಅಪ್ಪ ತನ್ನ ಗೆಲುವನ್ನು ಹೇಳುವಾಗಲೆಲ್ಲ ಕೊನೆಯಲ್ಲಿ ಆ ಹೆಣ್ಣುಮಗಳನ್ನು ನೆನೆಯುತ್ತಿದ್ದ. ದೊಡ್ಡ ಕಾಯ್ದೆ ದೊಡ್ಡ ನೇಗಿಲಿನಂತೆ. ಅದರ ಸಾಲಿನಲ್ಲಿ ಕಳೆಯ ಜೊತೆ ಒಂದೆರಡು ಪೈರೂ ಕೀಳುತ್ತವೆ.

ಅನ್ನ, ಪುಸ್ತಕ, ಬೆಂಚು

ಭೂಮಿಯೊಂದೇ ಸಾಲದು ಎಂಬುದನ್ನು ಅರಸರು ಬಲ್ಲವರಾಗಿದ್ದರು. 1972ರಲ್ಲೇ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. ಆಯೋಗ ಊರೂರು ಸುತ್ತಿ, ಯಾವ ಸಮುದಾಯದಲ್ಲಿ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಮುಟ್ಟಿದ್ದಾರೆ, ಎಷ್ಟು ಜನ ನೌಕರಿಯಲ್ಲಿದ್ದಾರೆ ಎಂದು ಲೆಕ್ಕ ಹಾಕಿ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು. 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿಯ ಆದೇಶಗಳು ಹೊರಬಿದ್ದವು. ಹಿಂದುಳಿದ ವರ್ಗಗಳಿಗಾಗಿ ಪ್ರತ್ಯೇಕ ಇಲಾಖೆಯೂ ಅಭಿವೃದ್ಧಿ ನಿಗಮವೂ ಬಂದವು. ಆ ನಿಗಮ ಇಂದು ಅವರದೇ ಹೆಸರಿನಲ್ಲಿದೆ. ತಾಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿ ನಿಲಯಗಳು ಹೆಚ್ಚಿದವು.

1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಕೂಲಿಕಾರರ ಸಾಲಗಳನ್ನು ಮನ್ನಾ ಮಾಡಿತು; ಒತ್ತೆ ಇಟ್ಟ ವಸ್ತುಗಳನ್ನು ಹಿಂದಿರುಗಿಸಬೇಕೆಂದಿತು. ಅವ್ವನ ಬೆಳ್ಳಿಯ ಕಡಗಗಳು ಮನೆಗೆ ಬಂದದ್ದು ಹಾಗೆ. ಆಮೇಲೆ ಎರಡು ವರ್ಷ ಊರಲ್ಲಿ ಬಡವರಿಗೆ ಕೈಸಾಲವೂ ಹುಟ್ಟಲಿಲ್ಲ ಎಂಬುದೂ ನಿಜ. ಜೀತವನ್ನು ದೇಶದಾದ್ಯಂತ ಅಪರಾಧವೆಂದು ಸಾರಿದ ಕಾನೂನು ಬಂದದ್ದೂ ಆ ವರ್ಷವೇ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಅರಸರ ಸರ್ಕಾರದ ಇನ್ನೊಂದು ದೊಡ್ಡ ಕೆಲಸ.

ಇವೆಲ್ಲ ನಮ್ಮ ಮನೆಯಲ್ಲಿ ಹೇಗೆ ಕೂಡಿಕೊಂಡವು ನೋಡಿ. ಕಣದಿಂದ ಅರ್ಧ ರಾಶಿ ಹೊರಗೆ ಹೋಗುವುದು ನಿಂತಿತು. ಹೊಟ್ಟೆಗೆ ಸಾಕಾಯಿತು. ಆದ್ದರಿಂದ ಹನ್ನೊಂದು ವರ್ಷದ ನನ್ನನ್ನು ದನ ಕಾಯಲು ಕಳಿಸುವ ಅಗತ್ಯ ಬೀಳಲಿಲ್ಲ. ನಾನು ಈ ಶಾಲೆಯ ಬೆಂಚಿನ ಮೇಲೆ ಕೂತೆ. ಇಲ್ಲಿಂದ ಪಾಸಾದ ಮೇಲೆ ಗಂಗಾವತಿಯ ಬಿಸಿಎಂ ಹಾಸ್ಟೆಲ್ ಸೇರಿದೆ. ಹೊಲ ಇಲ್ಲದಿದ್ದರೆ ಹೈಸ್ಕೂಲು ಇರುತ್ತಿರಲಿಲ್ಲ. ಹಾಸ್ಟೆಲ್ ಇಲ್ಲದಿದ್ದರೆ ಹೈಸ್ಕೂಲು ಅಲ್ಲಿಗೇ ನಿಲ್ಲುತ್ತಿತ್ತು. ಒಂದರ ಮೇಲೊಂದು ಮೆಟ್ಟಿಲು ಇದ್ದುದರಿಂದ ಏರಿದೆ. ನನ್ನ ಬುದ್ಧಿಯಿಂದ ಏರಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ.

ನಂಬಿಕೆ ಹೋಗಲು ಕಾರಣ ಇಬ್ಬರು. ಒಬ್ಬಳು ನನ್ನ ಅಕ್ಕ. ಆದೇಶ ಬರುವ ಎರಡು ವರ್ಷ ಮೊದಲೇ ಅವಳ ಶಾಲೆ ಬಿಡಿಸಿ ನಾಟಿಯ ಕೂಲಿಗೆ ಹಚ್ಚಿದ್ದರು. ಅವಳ ಪಾಲಿಗೆ ಕಾಯ್ದೆ ತಡವಾಗಿ ಬಂತು. ಇನ್ನೊಬ್ಬ ನನ್ನ ಸಹಪಾಠಿ. ಹೆಸರು ಬೇಡ, ನನ್ನ ಬ್ಯಾಚಿನವರಿಗೆ ಗೊತ್ತಾಗುತ್ತದೆ. ಗಣಿತದಲ್ಲಿ ತರಗತಿಗೇ ಮೊದಲಿಗ. ನನಗೆ ಬೀಜಗಣಿತ ಹೇಳಿಕೊಟ್ಟವನು. ಅವನ ಅಪ್ಪ ಕೂಲಿಕಾರ. ಕೋರಿಗೂ ಹೊಲ ಸಿಕ್ಕಿರಲಿಲ್ಲ. ಉಳುವವನೇ ಒಡೆಯ ಎಂದ ಕಾಯ್ದೆ, ಬೇರೆಯವರ ಹೊಲದಲ್ಲಿ ದಿನಗೂಲಿಗೆ ಉಳುವವನನ್ನು ಒಡೆಯನೆಂದು ಎಣಿಸಲಿಲ್ಲ. ಹೆಚ್ಚುವರಿ ಭೂಮಿ ಹಂಚಿದ್ದು ಬಹಳ ಕಡಿಮೆ. ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಬಾಳೆಯ ತೋಟದಲ್ಲಿ ಗೊನೆ ಹೊರಲು ಹೋದ.

ಕಾಯ್ದೆಯ ಹೆಚ್ಚಿನ ಲಾಭ ಹೋದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಿಗೆ. ಅಲ್ಲಿ ಗೇಣಿಚೀಟಿಗಳಿದ್ದವು, ಗೇಣಿದಾರರ ಸಂಘಟನೆಗಳಿದ್ದವು. ನಮ್ಮ ಕಡೆ ಎರಡೂ ಕಡಿಮೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳನ್ನು ಅಳೆದು, 39 ತಾಲೂಕುಗಳು ಅತ್ಯಂತ ಹಿಂದುಳಿದಿವೆ ಎಂದಾಗ ಅವುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಸಂವಿಧಾನದ 371ಜೆ ಕಲಂ 2012ರ ತಿದ್ದುಪಡಿಯಿಂದ ಬಂದದ್ದು ಈ ಹಿನ್ನೆಲೆಯಲ್ಲಿ. ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲಿ ಎಂಬುದೂ ನೆನಪಿರಲಿ.

ಮೈಲ್ಸ್ ಕೊರಾಕ್ ಎಂಬ ಕೆನಡಾದ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಡೆನ್ಮಾರ್ಕಿನಂತೆ ಬಡವ ಬಲ್ಲಿದರ ಅಂತರ ಕಡಿಮೆಯಿರುವ ದೇಶದಲ್ಲಿ ಅಪ್ಪನ ಬಡತನ ಮಗನನ್ನು ಅಷ್ಟಾಗಿ ಹಿಡಿದಿಡುವುದಿಲ್ಲ. ಬ್ರೆಜಿಲ್, ಅಮೆರಿಕಗಳಂತೆ ಅಂತರ ಹೆಚ್ಚಿರುವಲ್ಲಿ ಹಿಡಿತ ಬಿಗಿ. ಏಣಿಯ ಮೆಟ್ಟಿಲುಗಳು ದೂರ ದೂರ ಇದ್ದರೆ ಚಿಕ್ಕ ಕಾಲಿನ ಮಗು ಏರಲಾರದು ಎಂಬುದೇ ಅದರ ಸಾರ. ನನ್ನ ಸಹಪಾಠಿಯ ಕಾಲು ಚಿಕ್ಕದಾಗಿರಲಿಲ್ಲ. ಅವನ ಮುಂದಿನ ಏಣಿಯಲ್ಲಿ ಎರಡು ಮೆಟ್ಟಿಲು ಇರಲಿಲ್ಲ.

ಕೊನೆಯ ವರ್ಷಗಳು

ಅರಸರನ್ನು ದೇವರ ಪಕ್ಕದಲ್ಲಿ ಅಪ್ಪ ಇಟ್ಟನೆಂದು ನಾನು ಅವರನ್ನು ದೇವರೆಂದು ಬರೆಯಲಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರೇ ಮುಖ್ಯಮಂತ್ರಿ. ವಿರೋಧಿಸಿದವರು ಇಲ್ಲಿಯ ಜೈಲುಗಳಲ್ಲೂ ಇದ್ದರು. ಭ್ರಷ್ಟಾಚಾರದ ಆರೋಪಗಳು ಬಂದು, ಕೇಂದ್ರದ ಜನತಾ ಸರ್ಕಾರ 1977ರಲ್ಲಿ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ಆ ವರ್ಷದ ಕೊನೆಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಆದರೂ 1978ರ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಆರಿಸಿದರು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿಕೊಟ್ಟರು. 1979ರಲ್ಲಿ ಅವರೊಂದಿಗೇ ಮನಸ್ತಾಪವಾಗಿ ಬೇರೆಯಾದರು. ನಿನ್ನೆಯವರೆಗೆ ಬೆನ್ನ ಹಿಂದೆ ಇದ್ದ ಶಾಸಕರು ಒಬ್ಬೊಬ್ಬರಾಗಿ ಸರಿದರು. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. ಕ್ರಾಂತಿರಂಗ ಎಂಬ ಪಕ್ಷ ಕಟ್ಟಿದರು. ಅದು ಬೆಳೆಯುವುದನ್ನು ನೋಡಲು ಅವರು ಉಳಿಯಲಿಲ್ಲ.

1982ರ ಜೂನ್ 6, ಭಾನುವಾರ. ಅಂದು ಕಾರಹುಣ್ಣಿಮೆ. ನಮ್ಮ ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ಉಣ್ಣಿಸಿ ಸಂಜೆ ಕರಿ ಹರಿಯಲು ಕರೆದೊಯ್ದಿದ್ದೆವು. ಅದೇ ದಿನ ಅರಸರು ತೀರಿಕೊಂಡರು. ಮರುದಿನ ಬೆಳಿಗ್ಗೆ ಚಹಾದಂಗಡಿಯ ರೇಡಿಯೋದ ಮುಂದೆ ನಿಂತು ಅಪ್ಪ ಸುದ್ದಿ ಕೇಳಿದ. ಏನೂ ಮಾತಾಡಲಿಲ್ಲ. ಬಣ್ಣದ ಕೋಡಿನ ಎತ್ತುಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋಗಿ, ನೊಗ ಹೂಡದೆ, ಬದುವಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದ. ಅವನು ಅರಸರನ್ನು ಒಮ್ಮೆಯೂ ಕಂಡವನಲ್ಲ.

ಈಗ ಆ ಹೊಲ

ಅಪ್ಪ ಹೋಗಿ ಬಹಳ ವರ್ಷಗಳಾದವು. ಹೊಲ ನನ್ನ ಮತ್ತು ತಮ್ಮನ ಹೆಸರಿನಲ್ಲಿದೆ. ತಮ್ಮನದು ಗಂಗಾವತಿಯಲ್ಲಿ ಅಂಗಡಿ, ನನ್ನದು ಸರ್ಕಾರಿ ಪಗಾರ. ಇಬ್ಬರಿಗೂ ನೇಗಿಲು ಹಿಡಿಯಲು ಬಿಡುವಿಲ್ಲ. ಹತ್ತು ವರ್ಷಗಳಿಂದ ಆ ಹೊಲವನ್ನು ಒಬ್ಬರು ಕೋರಿಗೆ ಮಾಡುತ್ತಿದ್ದಾರೆ. ಬಾಯಿಮಾತಿನ ಕೋರು. ಬೀಜ, ಗೊಬ್ಬರ, ದುಡಿಮೆ ಅವರದು. ರಾಶಿಯಲ್ಲಿ ಅರ್ಧ ನಮ್ಮದು. ಮಾಡುವವನು ನನ್ನ ಆ ಸಹಪಾಠಿಯ ಮಗ.

ಕಾಯ್ದೆಯ ಪ್ರಕಾರ ಗೇಣಿ ಎಂಬುದೇ ಇಲ್ಲ. ಆದ್ದರಿಂದ ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಬ್ಯಾಂಕಿನ ಬೆಳೆಸಾಲ ಅವನಿಗೆ ಸಿಗುವುದಿಲ್ಲ. ಹೊಳೆ ಬಂದು ಬೆಳೆ ಹೋದ ವರ್ಷ ಪರಿಹಾರದ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದ ನಮ್ಮ ಖಾತೆಗೆ. ಬೆಳೆ ಕಳೆದುಕೊಂಡವನು ಅವನು. ನಾವು ಅದರಲ್ಲಿ ಅವನಿಗೆ ಒಂದಿಷ್ಟು ಕೊಟ್ಟೆವು, ದೊಡ್ಡ ಮನಸ್ಸಿನವರಂತೆ. ಅಂದು ರಾತ್ರಿ ಊರ ಮನೆಯ ಪಡಸಾಲೆಯಲ್ಲಿ ಮಲಗಿದಾಗ ಗೋಡೆಯ ಮೇಲಿನ ಪಟವನ್ನು ನೋಡಲು ನನಗೆ ಆಗಲಿಲ್ಲ. ಅಪ್ಪನ ಧಣಿ ಕೆಟ್ಟವನೇನೂ ಆಗಿರಲಿಲ್ಲ. ಅವನಿಗೂ ಬೇರೆ ಕೆಲಸವಿತ್ತು, ಹೊಲ ನೋಡಲು ಬಿಡುವಿರಲಿಲ್ಲ, ಅಷ್ಟೇ.

ಹೋದ ಸುಗ್ಗಿಯಿಂದ ನನ್ನ ಪಾಲಿನ ಚೀಲಗಳನ್ನು ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೆ. ಇದು ದೊಡ್ಡ ತ್ಯಾಗವೇನಲ್ಲ, ನನಗೆ ಪಗಾರ ಇದೆ. ನನ್ನ ಅರ್ಧವನ್ನು ಅವನಿಗೇ ಕೊಂಡುಕೊಳ್ಳುವ ಹಾಗೆ ಕಂತಿನ ಮೇಲೆ ಬರೆದುಕೊಡೋಣವೆಂದು ತಮ್ಮನ ಮುಂದೆ ಇಟ್ಟಿದ್ದೇನೆ. ಅಪ್ಪ ಕಷ್ಟಪಟ್ಟು ಪಡೆದ ಹೊಲ, ಮನೆಯಲ್ಲೇ ಇರಲಿ ಎಂಬುದು ತಮ್ಮನ ಮಾತು. ಅವನ ಮಾತಿನಲ್ಲೂ ಅರ್ಥವಿದೆ. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೂ ನಮ್ಮ ಮಾತು ಮುಗಿದಿಲ್ಲ.

ಸುವರ್ಣ ಮಹೋತ್ಸವ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಸಂಗ್ರಹವಾದ ದೇಣಿಗೆಯಲ್ಲಿ ಸ್ವಾಗತ ಕಮಾನಿಗೆ ಒಂದು ಪಾಲು ಇಟ್ಟಿದ್ದೇವೆ. ಕಮಾನು ಬೇಡವೆನ್ನುವುದಿಲ್ಲ. ಆದರೆ ಅದರಷ್ಟೇ ಹಣವನ್ನು ಬ್ಯಾಂಕಿನಲ್ಲಿಟ್ಟು, ಒಂಬತ್ತನೆಯ ತರಗತಿ ಮುಗಿದ ಮೇಲೆ ಜೂನ್ ತಿಂಗಳಲ್ಲಿ ಶಾಲೆಗೆ ಬಾರದ ಮಕ್ಕಳ ಮನೆಗೆ ಹೋಗಿ ಕೇಳುವ ವ್ಯವಸ್ಥೆ ಮಾಡೋಣ. ಸರ್ಕಾರ ಮಾಡಬೇಕಾದದ್ದು ಬೇಕಾದಷ್ಟಿದೆ. ಅದನ್ನು ಸರ್ಕಾರದಿಂದಲೇ ಕೇಳಿ ಪಡೆಯಬೇಕು. ಒಬ್ಬ ಹುಡುಗ ಬೆಂಚಿನಿಂದ ಎದ್ದು ಹೋದದ್ದನ್ನು ಮೊದಲು ಕಾಣುವವರು ಮಾತ್ರ ಪಕ್ಕದ ಬೆಂಚಿನವರು. 1981ರಲ್ಲಿ ನಾನು ಕಂಡೆ, ಸುಮ್ಮನಿದ್ದೆ.

ನನ್ನ ಸಹಪಾಠಿಯ ಮೊಮ್ಮಗಳು ಈಗ ಇದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದಾಳೆ. ಗಣಿತದಲ್ಲಿ ಮೊದಲಿಗಳೆಂದು ಗುರುಗಳು ಹೇಳುತ್ತಾರೆ. ಬರುವ ವರ್ಷ ಅವಳು ಒಂಬತ್ತನೆಯ ತರಗತಿಗೆ ಬರುತ್ತಾಳೆ.